ಟೀಗೆ ಮಿಕ್ಸ್, ಬ್ಯಾಂಕಿಗೆ ಅಮಾಲ್ಗಮೇಷನ್

ಕಳೆದ ಇಂಗ್ಲಿಷ್ ಟೆಸ್ಟ್‌ನಲ್ಲಿ ಟೀ ಮಾಡುವ ವಿಧಾನ ಬರೆಯಲು ಕೊಟ್ಟಿದ್ದರು. ಹಾಲನ್ನು ಟೀ ನೀರಿಗೆ 'ಅಮಾಲ್ಗಮೇಟ್' ಮಾಡಬೇಕು ಎಂದು ಬರೆದೆ. ದೊಡ್ಡ ಪದ ಹಾಕಿದರೆ ಹೆಚ್ಚು ಅಂಕ ಸಿಗುತ್ತದೆ ಎಂದುಕೊಂಡಿದ್ದೆ. ಮೇಡಂ ಅದಕ್ಕೆ ಕೆಂಪು ಗೆರೆ ಎಳೆದು 'ಮಿಕ್ಸ್' ಎಂದು ತಿದ್ದಿದರು.

ಅಂದಿನಿಂದ ಆ ಪದದ ಬೆನ್ನು ಹತ್ತಿದೆ. ಹಾಲು, ಸಕ್ಕರೆ, ಬಣ್ಣ ಬೆರೆಸುವುದಕ್ಕೆ ಮಿಕ್ಸ್ ಸಾಕು. ಬೇರೆ ಬೇರೆ ಟೀಪುಡಿಗಳನ್ನು ರುಚಿ ನೋಡಿ ಹದವಾಗಿ ಕೂಡಿಸಿದರೆ ಬ್ಲೆಂಡ್. ಎರಡು ರಸ್ತೆ ಅಥವಾ ಎರಡು ಕಂಪ್ಯೂಟರ್ ಫೈಲು ಒಂದಾದರೆ ಮರ್ಜ್. ಬ್ಯಾಂಕು, ಕಂಪನಿ, ಸಂಘಗಳು ಒಂದಾದರೆ ಅಮಾಲ್ಗಮೇಟ್; ಅಲ್ಲಿ ಮರ್ಜ್ ಎಂದರೂ ನಡೆಯುತ್ತದೆ. ಯಾರ ಜೊತೆ ಎಂದು ಹೇಳಲು 'ವಿತ್', ಯಾವುದರೊಳಗೆ ಎಂದು ಹೇಳಲು 'ಇನ್‌ಟು' ಬರುತ್ತದೆ.

ಪಾದರಸದ ಜೊತೆ ಬೇರೆ ಲೋಹ ಸೇರಿದ ಮಿಶ್ರಲೋಹವೇ ಅಮಾಲ್ಗಮ್. ಪದ ಹುಟ್ಟಿದ್ದು ಅಲ್ಲಿಂದ. ಪಾದರಸದಲ್ಲಿ ಕರಗಿದ ಚಿನ್ನ ಕಣ್ಣಿಗೆ ಕಾಣುವುದಿಲ್ಲ, ಆದರೆ ಎಲ್ಲಿಗೂ ಹೋಗಿರುವುದಿಲ್ಲ.

ಇದನ್ನು ಓದುವಾಗ ಅಬ್ಬಾರ ತಾಯಿ, ನಮ್ಮ ದಾದಿಮಾ ನೆನಪಾದರು. ಉಮ್ರಾಗೆಂದು ಕೂಡಿಟ್ಟ ಅವರ ಹಣ ಕಾರ್ಪೊರೇಷನ್ ಬ್ಯಾಂಕಿನಲ್ಲಿತ್ತು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕ್ ಅದು. 2020ರ ಏಪ್ರಿಲ್ 1ರಂದು ಆಂಧ್ರ ಬ್ಯಾಂಕಿನ ಜೊತೆಗೆ ಅದೂ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಮುಂದೆ ಬೋರ್ಡ್ ಬದಲಾದಾಗ ದಾದಿಮಾ, "ಬ್ಯಾಂಕೇ ಇಲ್ಲ ಅಂದರೆ ನನ್ನ ದುಡ್ಡು ಯಾರು ಕೊಡ್ತಾರೆ?" ಎಂದು ಮನೆಯವರನ್ನೆಲ್ಲ ಕೇಳಿದರು. ಆ ರಾತ್ರಿ ನಿದ್ದೆ ಮಾಡಲಿಲ್ಲ. ನಾನು ಚಿಕ್ಕವಳು, ಉತ್ತರ ಗೊತ್ತಿರಲಿಲ್ಲ.

ಈಗ ಅಕೌಂಟೆನ್ಸಿ ಓದುತ್ತಿದ್ದೇನೆ. ನಾವು ಇಟ್ಟ ಠೇವಣಿ ಬ್ಯಾಂಕಿನ ಪುಸ್ತಕದಲ್ಲಿ ಆಸ್ತಿಯಲ್ಲ, ಹೊಣೆಗಾರಿಕೆ; ಅಂದರೆ ಬ್ಯಾಂಕು ನಮಗೆ ಕೊಡಬೇಕಾದ ಸಾಲ. ಈ ವಿಲೀನದಲ್ಲಿ ಆಸ್ತಿಗಳ ಜೊತೆ ಹೊಣೆಗಾರಿಕೆಗಳೂ ಹೊಸ ಬ್ಯಾಂಕಿನ ಹೆಗಲೇರಿದವು. ಷೇರುದಾರರಿಗೆ ಕಾರ್ಪೊರೇಷನ್ ಬ್ಯಾಂಕಿನ 1000 ಷೇರುಗಳಿಗೆ ಯೂನಿಯನ್ ಬ್ಯಾಂಕಿನ 330 ಷೇರು ಸಿಕ್ಕವು. ಠೇವಣಿಗೆ ಅಂಥ ಅನುಪಾತವಿಲ್ಲ. ನೂರು ರೂಪಾಯಿ ಇಟ್ಟವರಿಗೆ ನೂರು ರೂಪಾಯಿಯೇ.

ಮೊನ್ನೆ ದಾದಿಮಾಗೆ ಇದನ್ನೆಲ್ಲ ಉರ್ದುವಿನಲ್ಲಿ ವಿವರಿಸಿದೆ. ಪಾಸ್‌ಬುಕ್ ತಿರುವಿ ನೋಡಿ, "ಹಾಗಾದರೆ ಹೆಸರು ಹೋಯಿತು, ಕರ್ಜ್ ಹೋಗಲಿಲ್ಲ" ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಮುಂದಿನ ಟೆಸ್ಟ್‌ನಲ್ಲಿ ಟೀಗೆ ಮಿಕ್ಸ್ ಎಂದೇ ಬರೆಯುತ್ತೇನೆ, ಮೇಡಂ.