ವಿವಾಹ, ಕಾಯಿದೆ ಮತ್ತು ದಯೆ

ಶರಣಧರ್ಮದಲ್ಲಿ ಗೃಹಸ್ಥನ ಬಾಳಿಗೆ ಹಿರಿದಾದ ಸ್ಥಾನವಿದೆ. ಸಂಸಾರದಲ್ಲಿದ್ದೇ ಸತ್ಯಶುದ್ಧನಾಗಿ ನಡೆಯುವುದು ಅದರ ಗುರಿ. ಆದುದರಿಂದ ವಿವಾಹವನ್ನು ಕುರಿತ ವಿವಾದವೊಂದು ದೇಶದಲ್ಲಿ ಎದ್ದಾಗ ಸದ್ಭಕ್ತನು ಕೇಳದವನಂತೆ ಇರಲಾಗದು. ಕೇಳಿದ ಮಾತ್ರಕ್ಕೆ ಕೆರಳುವುದೂ ತರವಲ್ಲ. ಸಲಿಂಗ ವಿವಾಹದ ಚರ್ಚೆಯಲ್ಲಿ ಮೂರು ಪ್ರಶ್ನೆಗಳು ಬೆರೆತಿವೆ. ಅವನ್ನು ಬಿಡಿಸಿ ನೋಡತಕ್ಕದ್ದು.

ಮೊದಲನೆಯದು ಅಪರಾಧದ ಪ್ರಶ್ನೆ. ಆಂಗ್ಲರ ಆಳ್ವಿಕೆಯಲ್ಲಿ 1860ರಲ್ಲಿ ರಚಿತವಾದ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ದಂಡನೆಗೆ ಗುರಿಪಡಿಸಿತ್ತು. ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಮಾನಿಸಿತು.

ಎರಡನೆಯದು ವಿವಾಹದ ಪ್ರಶ್ನೆ. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಇದನ್ನು ವಿಚಾರಿಸಿತು. ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿರುವ 1955ರ ಹಿಂದೂ ವಿವಾಹ ಕಾಯಿದೆಯನ್ನು ಪೀಠವು ಬದಿಗಿರಿಸಿ, 1954ರ ವಿಶೇಷ ವಿವಾಹ ಕಾಯಿದೆಯನ್ನು ಪರಿಶೀಲಿಸಿತು. ಆದುದರಿಂದ ಮನೆಯ ವಿವಾಹ ಸಂಸ್ಕಾರಕ್ಕೆ ಚ್ಯುತಿ ಬಂದೀತೆಂಬ ಭಯಕ್ಕೆ ಅಲ್ಲಿ ಆಸ್ಪದವಿರಲಿಲ್ಲ.

ಜೊತೆಗೂಡಿ ಬಾಳುವ ಇಬ್ಬರಿಗೆ ವಾರಸು, ವಿಮೆ, ಪಿಂಚಣಿ, ದತ್ತು ಇವುಗಳ ಹಕ್ಕು ಇಲ್ಲದಿರುವುದು ಅಸಮಾನತೆಯೆಂದು ಅರ್ಜಿದಾರರು ವಾದಿಸಿದರು. ವಿವಾಹವೆಂದರೆ ಗಂಡು ಹೆಣ್ಣುಗಳದ್ದೆಂದೂ, ಅದನ್ನು ಬದಲಿಸುವ ಅಧಿಕಾರ ಸಂಸತ್ತಿನದೆಂದೂ ಕೇಂದ್ರ ಸರಕಾರ ಹೇಳಿತು. ಆ ಕಾಯಿದೆಯಲ್ಲಿ ವರನಿಗೆ 21, ವಧುವಿಗೆ 18 ವರ್ಷವೆಂಬ ನಿಯಮವಿದೆ. ಜೀವನಾಂಶದ ನಿಯಮ ಹೆಂಡತಿಯನ್ನು ಕುರಿತದ್ದು. ಒಂದು ಪದವನ್ನು ತಿದ್ದಿದರೆ ಹಲವನ್ನು ತಿದ್ದಬೇಕಾಗುತ್ತದೆ.

2023ರ ಅಕ್ಟೋಬರ್ 17ರಂದು ತೀರ್ಪು ಹೊರಬಿತ್ತು. ವಿವಾಹವು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂಬಲ್ಲಿ ಐವರೂ ಏಕಮತರಾದರು. ವಿವಾಹವಲ್ಲದಿದ್ದರೂ ಇಂತಹ ಸಹಬಾಳ್ವೆಗೆ ಸರಕಾರದ ಮಾನ್ಯತೆ ಬೇಕೆಂದು ಇಬ್ಬರು ಹೇಳಿದರು, ಮೂವರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ತಿರಸ್ಕೃತವಾದವು.

ಮೂರನೆಯದು ಮನುಷ್ಯನ ಪ್ರಶ್ನೆ. ಇದು ಕೋರ್ಟಿನ ಅಂಗಳದ್ದಲ್ಲ, ಮನೆಯ ಅಂಗಳದ್ದು. ಹರಳಯ್ಯ ಮಧುವರಸರ ಮಕ್ಕಳ ವಿವಾಹವನ್ನು ಸಹಿಸದ ಅರಸೊತ್ತಿಗೆ ಕಲ್ಯಾಣದಲ್ಲಿ ತಂದೆಯರನ್ನು ಕ್ರೂರವಾಗಿ ಕೊಲ್ಲಿಸಿತೆಂದು ಪರಂಪರೆ ಸಾರುತ್ತದೆ. ಆ ವಿವಾಹ ಬೇರೆ, ಇಂದಿನ ಪ್ರಶ್ನೆ ಬೇರೆ. ಒಂದರಿಂದ ಇನ್ನೊಂದರ ನಿರ್ಣಯ ಹೊರಡದು. ಆದರೂ ಲೋಕ ಒಪ್ಪದ ನಂಟಿಗಾಗಿ ಮನುಷ್ಯರನ್ನು ಹಿಂಸಿಸುವುದು ಅಧರ್ಮವೆಂಬುದನ್ನು ಆ ಕಥೆಯನ್ನು ಕೇಳಿ ಬೆಳೆದ ಮನೆತನಗಳು ಮರೆಯಲಾಗದು.

ಮಗನಾಗಲಿ ಮಗಳಾಗಲಿ ತನ್ನ ಮನಸ್ಸಿನ ಸ್ಥಿತಿಯನ್ನು ತಾಯಿತಂದೆಯರ ಮುಂದೆ ತೋಡಿಕೊಂಡರೆ ಬಡಿಯುವುದು, ಹೊರಹಾಕುವುದು ಆಚಾರವಲ್ಲ. ಸಂಗತಿಯನ್ನು ಬಚ್ಚಿಟ್ಟು ಬಲವಂತದಿಂದ ಮದುವೆ ಮಾಡುವುದಂತೂ ಮತ್ತೊಂದು ಮನೆಯ ಮಗುವಿಗೆ ಮಾಡುವ ವಂಚನೆ. ಅಲ್ಲಿ ಸತ್ಯವೂ ಇಲ್ಲ, ಶುದ್ಧಿಯೂ ಇಲ್ಲ. ಕಾಯಿದೆಯ ವಿಷಯದಲ್ಲಿ ಭಕ್ತರಲ್ಲಿ ಭಿನ್ನಾಭಿಪ್ರಾಯವಿರಬಹುದು. ಅದನ್ನು ಸಂಸತ್ತು ನಿರ್ಣಯಿಸಲಿ. ಮನೆಯ ಮಗುವನ್ನು ಮನೆಯ ಮಗುವೆಂದು ಕಾಣಲು ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.