ಹಂಚಿದವನಿಗೇ ಹೊಣೆ

ಯಗಟಿಯ ನಿಮ್ಮ ಮನೆಗೆ ಫೈಬರ್ ಬಂತು ಅಂತ ನಿಮ್ಮಮ್ಮ ಹೇಳಿದಾಗ ಖುಷಿಯಾಯ್ತು ಕಣಪ್ಪ. ಬೆನ್ನಿಗೇ ದೂರೂ ಹೇಳಿದಳು. ಗೋಡೆಗೆ ಹೊಡೆದಿರೋ ಡಬ್ಬಿಯಲ್ಲಿ ವೈಫೈ ಇಲ್ಲ, ಇರೋದು ಒಂದೇ ಕಿಂಡಿ, ಅದರಿಂದ ಬಂದ ವೈರು ನಿನ್ನ ಲ್ಯಾಪ್‌ಟಾಪಿಗೆ. ಅವಳ ಫೋನು, ನಿನ್ನ ತಂಗಿ ಫೋನು ಎರಡೂ ದಿನದ ಡೇಟಾ ಮುಗಿಸಿಕೊಂಡು ಮಧ್ಯಾಹ್ನಕ್ಕೇ ಮಂಕಾಗಿ ಕೂರ್ತಾವಂತೆ. ಕೇಳಿದರೆ "ರೂಟರ್ ತರೋವರೆಗೂ ಹೀಗೇ" ಅಂದೆಯಂತೆ.

ಹೀಗೇ ಇರಬೇಕಾಗಿಲ್ಲ. ವೈರಿನಲ್ಲಿ ಬಂದ ನೆಟ್ಟನ್ನು ನಿನ್ನ ಲ್ಯಾಪ್‌ಟಾಪೇ ವೈಫೈ ಮಾಡಿ ಮನೆಮಂದಿಗೆಲ್ಲ ಹಂಚುತ್ತೆ. ಬಿಡಿಗಾಸು ಖರ್ಚಿಲ್ಲ. ಆದರೆ ಹಂಚೋಕೆ ಶುರುಮಾಡಿದ ಗಳಿಗೆಯಿಂದ ಮನೆಯ ನೆಟ್ಟಿನ ಹೊಣೆ ನಿನ್ನ ತಲೆಗೆ ಬಂತು ಅಂತ ತಿಳಿ. ಟೆಲಿಫೋನ್ ಇಲಾಖೆಯಲ್ಲಿ ಕೂದಲು ನರೆಸಿಕೊಂಡ ನಿಮ್ಮ ಮಾವನ ಮಾತು ಇದು, ಸ್ವಲ್ಪ ಕಿವಿಗೆ ಹಾಕ್ಕೋ.

ಮೊದಲು ಮಾಡೋ ಬಗೆ ಹೇಳಿಬಿಡ್ತೀನಿ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆಗಿ. 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ 'ಮೊಬೈಲ್ ಹಾಟ್‌ಸ್ಪಾಟ್' ಅಂತಿದೆ. ಹೆಸರಿನಲ್ಲಿ ಮೊಬೈಲ್ ಇದೆ ಅಂತ ಗಲಿಬಿಲಿಯಾಗಬೇಡ, ಕಂಪ್ಯೂಟರಿನದೇ ಅದು. ಅಲ್ಲಿ ಎರಡು ಪ್ರಶ್ನೆ ಕೇಳುತ್ತೆ. ನೆಟ್ ಎಲ್ಲಿಂದ ತಗೊಳ್ಳಲಿ ಅಂದರೆ ಈಥರ್ನೆಟ್ ಆರಿಸು, ಅಂದರೆ ನಿನ್ನ ವೈರು. ಯಾವುದರಲ್ಲಿ ಕೊಡಲಿ ಅಂದರೆ ವೈಫೈ ಆರಿಸು. ಕೆಳಗೆ ಹೆಸರು, ಪಾಸ್‌ವರ್ಡ್ ಬದಲಾಯಿಸೋ ಜಾಗ ಇದೆ. ಬದಲಾಯಿಸಿ ಸ್ವಿಚ್ ಆನ್ ಮಾಡು. ಅಷ್ಟೇ. ಏಕಕಾಲಕ್ಕೆ ಎಂಟು ಫೋನಿನವರೆಗೆ ಸೇರಿಸಿಕೊಳ್ಳುತ್ತೆ, ನಿಮ್ಮ ಮನೆಗೆ ಧಾರಾಳವಾಯ್ತು. ಮ್ಯಾಕ್ ಇದ್ದವರಿಗೆ 'ಶೇರಿಂಗ್' ಒಳಗೆ 'ಇಂಟರ್ನೆಟ್ ಶೇರಿಂಗ್' ಅಂತಿರುತ್ತೆ. ಲಿನಕ್ಸಿನಲ್ಲಿ ವೈಫೈ ಸೆಟ್ಟಿಂಗಿನಲ್ಲೇ ಹಾಟ್‌ಸ್ಪಾಟ್ ಇದೆ.

ಇದೇನು ನಿನ್ನೆ ಮೊನ್ನೆಯ ಚಮತ್ಕಾರ ಅಲ್ಲ. ಒಂದು ಕಂಪ್ಯೂಟರಿನ ನೆಟ್ಟನ್ನು ಇನ್ನೊಂದಕ್ಕೆ ಹಂಚೋ ಏರ್ಪಾಡು 1999ರ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲೇ ಇತ್ತು. ವಿಂಡೋಸ್ 7ರ ಕಾಲದಲ್ಲಿ ವೈಫೈ ಆಗಿ ಹಂಚಬೇಕಾದರೆ ಕಪ್ಪು ಪರದೆಯಲ್ಲಿ ಉದ್ದುದ್ದ ಕಮಾಂಡ್ ಟೈಪ್ ಮಾಡಬೇಕಿತ್ತು. 2016ರಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಈಚೆಗೆ ಅದು ಒಂದು ಸ್ವಿಚ್ಚಿಗೆ ಇಳಿದಿದೆ.

ಆನ್ ಮಾಡಿದ ಮೇಲೆ ಒಳಗೆ ಏನಾಗುತ್ತೆ ಅನ್ನೋದನ್ನೂ ತಿಳಕೋ. ನಿನ್ನ ಲ್ಯಾಪ್‌ಟಾಪ್ ಮನೆಯೊಳಗೆ 192.168.137.1 ಅನ್ನೋ ನಂಬರು ಇಟ್ಟುಕೊಂಡು, ಬಂದ ಫೋನಿಗೆಲ್ಲ ಅದೇ ಸಾಲಿನ ಒಂದೊಂದು ನಂಬರು ಕೊಡುತ್ತೆ. ತಂಗಿ ಫೋನಿನಿಂದ ಹೊರಟ ಕೋರಿಕೆಯನ್ನು ತನ್ನ ಹೆಸರಿನಲ್ಲಿ ಹೊರಗೆ ಕಳಿಸುತ್ತೆ, ಉತ್ತರ ಬಂದಾಗ ಯಾರದ್ದು ಅಂತ ನೆನಪಿಟ್ಟು ಅವಳಿಗೇ ಮುಟ್ಟಿಸುತ್ತೆ. ಹೊರಗಿನವರಿಗೆ ನಿಮ್ಮ ಮನೆಯ ನಾಲ್ಕು ಫೋನು ಕಾಣಲ್ಲ, ಒಂದೇ ಕನೆಕ್ಷನ್ ಕಾಣುತ್ತೆ. ಈ 'ತನ್ನ ಹೆಸರಿನಲ್ಲಿ' ಅನ್ನೋ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಸ್ವಿಚ್ ಒತ್ತಿದರೂ ಆಗಲಿಲ್ಲ ಅಂದರೆ ಎರಡು ಕಡೆ ನೋಡು. ಒಂದು, ಕಂಪ್ಯೂಟರಿಗೆ ವೈಫೈ ಇದೆಯಾ? ಲ್ಯಾಪ್‌ಟಾಪಿಗೆ ಇದ್ದೇ ಇರುತ್ತೆ. ಹಳೇ ಡೆಸ್ಕ್‌ಟಾಪುಗಳಲ್ಲಿ ಎಷ್ಟೋ ಸಲ ಇರಲ್ಲ, ಯುಎಸ್‌ಬಿಗೆ ಸಿಕ್ಕಿಸೋ ಸಣ್ಣ ಅಡಾಪ್ಟರ್ ಕಡೂರಿನಲ್ಲೋ ಬೀರೂರಿನಲ್ಲೋ ಕೇಳಿ ತರಬೇಕು. ಎರಡನೇದು ಜನಕ್ಕೆ ಹೊಳೆಯೋದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಯೂಸರ್‌ನೇಮು ಪಾಸ್‌ವರ್ಡು ಕೊಟ್ಟು 'ಕನೆಕ್ಟ್' ಒತ್ತಿದ ಮೇಲೇ ನಿನಗೆ ನೆಟ್ ಬರ್ತಿದ್ದರೆ, ಹಾಟ್‌ಸ್ಪಾಟು "ಹಂಚೋಕೆ ಕನೆಕ್ಷನ್ನೇ ಇಲ್ಲ" ಅಂತ ಕೈಯೆತ್ತಬಹುದು. ಆಗ ಲೈನ್‌ಮ್ಯಾನಿಗೆ ಫೋನ್ ಮಾಡಿ, ಡಬ್ಬಿಗೆ ಆ ಸೌಲಭ್ಯ ಇದ್ದರೆ ಆ ಯೂಸರ್‌ನೇಮು ಪಾಸ್‌ವರ್ಡನ್ನು ಅದರೊಳಗೇ ಹಾಕಿಸು. ಡಬ್ಬಿ ತಾನೇ ಡಯಲ್ ಮಾಡಿಕೊಳ್ಳುತ್ತೆ, ವೈರು ಸಿಕ್ಕಿಸಿದ ಕೂಡಲೇ ನೆಟ್ ಬರುತ್ತೆ, ಹಂಚೋದೂ ಸಲೀಸಾಗುತ್ತೆ.

ಇನ್ನು ಹೊಣೆಯ ಮಾತು. ಲ್ಯಾಪ್‌ಟಾಪ್ ಮುಚ್ಚಿದರೆ ಅದು ನಿದ್ದೆಗೆ ಹೋಗುತ್ತೆ, ಜೊತೆಗೆ ಮನೆಮಂದಿಯ ನೆಟ್ಟೂ ಹೋಗುತ್ತೆ. ನೀನು ಊಟಕ್ಕೆ ಎದ್ದಾಗ ಅಭ್ಯಾಸಬಲದಿಂದ ಮುಚ್ಚಳ ಹಾಕ್ತೀಯ, ಒಳಗೆ ತಂಗಿಯ ಆನ್‌ಲೈನ್ ಕ್ಲಾಸು ಅರ್ಧಕ್ಕೆ ನಿಲ್ಲುತ್ತೆ. ಆದ್ದರಿಂದ ಪವರ್ ಸೆಟ್ಟಿಂಗಿನಲ್ಲಿ, ಚಾರ್ಜರ್ ಹಾಕಿರುವಾಗ ಮುಚ್ಚಳ ಮುಚ್ಚಿದರೂ ಏನೂ ಮಾಡಬೇಡ ಅಂತ ಹೇಳಿಡು. ಪರದೆ ಆರಲಿ ಪರವಾಗಿಲ್ಲ, ಮಿಷನ್ ನಿದ್ದೆ ಮಾಡಬಾರದು. ಹಾಗಂತ ಮುಚ್ಚಿದ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬೇಡ, ಬಿಸಿಯಾಗುತ್ತೆ. ಮೇಜಿನ ಮೇಲಿರಲಿ. ಹಾಟ್‌ಸ್ಪಾಟಿನ ಪುಟದಲ್ಲೇ 'ಪವರ್ ಸೇವಿಂಗ್' ಅಂತ ಇನ್ನೊಂದು ಸ್ವಿಚ್ ಇದೆ. ಯಾವ ಫೋನೂ ಸೇರಿಕೊಂಡಿಲ್ಲ ಅಂದರೆ ಕೆಲವೇ ನಿಮಿಷದಲ್ಲಿ ಹಾಟ್‌ಸ್ಪಾಟನ್ನು ತಾನೇ ಆರಿಸಿಬಿಡೋದು ಅದು. ಅಮ್ಮ ತೋಟದಿಂದ ಬಂದು "ಬೆಳಿಗ್ಗೆ ಇತ್ತಲ್ಲೋ, ಈಗ ಎಲ್ಲಿ ಹೋಯ್ತು" ಅಂತ ಕೇಳಬಾರದು ಅಂದರೆ ಅದನ್ನೂ ಆಫ್ ಮಾಡಿಡು.

ಕರೆಂಟು ಹೋದಾಗ ಇನ್ನೊಂದು ತಮಾಷೆ ನೋಡ್ತೀಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ವೈಫೈ ಹೆಸರು ಫೋನಿನಲ್ಲಿ ಕಾಣ್ತಾನೇ ಇರುತ್ತೆ, ಸಿಗ್ನಲ್ ಕಡ್ಡಿಯೂ ತುಂಬಿರುತ್ತೆ, ಆದರೆ ನೆಟ್ ಇಲ್ಲ. ಯಾಕೆ? ಗೋಡೆ ಮೇಲಿನ ಡಬ್ಬಿಗೆ ಬ್ಯಾಟರಿ ಇಲ್ಲ, ಅದು ಆರಿಹೋಗಿದೆ. ಇಂಥ ಡಬ್ಬಿ ಸಾಮಾನ್ಯವಾಗಿ 12 ವೋಲ್ಟಿನದು, ಅಡಾಪ್ಟರ್ ಮೇಲೆ ಬರೆದಿರುತ್ತೆ ನೋಡು. ಆ ವೋಲ್ಟೇಜಿಗೆ ಹೊಂದೋ ಮಿನಿ ಯುಪಿಎಸ್ ಒಂದು ಹಾಕಿಸಿದರೆ ಕರೆಂಟು ಬರೋತನಕ ಕಾಲ ಹಾಕಬಹುದು.

ಕರೆಂಟಿಗಿಂತ ದೊಡ್ಡ ಭಯ ಸಿಡಿಲಿನದು. ಏಪ್ರಿಲ್ ಮೇ ಬಂತು ಅಂದರೆ ನಮ್ಮ ಸೀಮೆಯ ಗುಡುಗು ಮಳೆ ಹೇಗೆ ಅಂತ ನಿನಗೆ ಹೇಳಬೇಕಾ? ಸುಳಿ ಸುಟ್ಟುಹೋದ ತೆಂಗಿನ ಮರ ನೋಡಿ ಬೆಳೆದವನು ನೀನು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಓಡುತ್ತೆ, ಕರೆಂಟು ಹರಿಯಲ್ಲ, ನಿಜ. ಆದರೆ ಡಬ್ಬಿಯ ಅಡಾಪ್ಟರ್ ಕರೆಂಟಿನ ಲೈನಿಗೆ ಕೂತಿದೆ, ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಬರೋ ವೈರು ತಾಮ್ರದ್ದು. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗೋ ಮುಂಚೆಯೇ ಎರಡನ್ನೂ ಕಿತ್ತಿಡು. ಒಂದು ಗಂಟೆ ನೆಟ್ ಇಲ್ಲದಿದ್ದರೆ ಯಾರಿಗೂ ಏನೂ ಆಗಲ್ಲ.

ಸಿಗ್ನಲ್ ಅಡುಗೆಮನೆಗೆ ತಲುಪಲ್ಲ ಅಂತ ಅಮ್ಮ ಗೊಣಗ್ತಾಳೆ, ಈಗಲೇ ಹೇಳಿರ್ತೀನಿ. ನಿಮ್ಮದು ಹಳೇ ಮನೆ, ಮಣ್ಣಿನ ಗೋಡೆ ಮೊಳದಗಲ ಇದೆ. ಹಾಟ್‌ಸ್ಪಾಟಿನಲ್ಲಿ ಬ್ಯಾಂಡ್ ಅಂತ ಕೇಳಿದರೆ 2.4 ಗಿಗಾಹರ್ಟ್ಸ್ ಇಡು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತೆ, ಅಮ್ಮನ ಹಳೇ ಫೋನಿಗೆ ಅದು ಕಾಣಿಸದೆಯೂ ಇರಬಹುದು. ಅದಕ್ಕಿಂತ ಒಳ್ಳೇ ಉಪಾಯ, ಲ್ಯಾಪ್‌ಟಾಪನ್ನೇ ಮನೆ ನಡುವಿಗೆ ತಾ. ಈಥರ್ನೆಟ್ ವೈರು 100 ಮೀಟರ್‌ವರೆಗೂ ಓಡುತ್ತೆ. ಡಬ್ಬಿ ಮುಂಬಾಗಿಲ ಹತ್ತಿರ ಇದೆ ಅಂತ ನೀನೂ ಅಲ್ಲೇ ಕೂರಬೇಕಿಲ್ಲ.

ವೇಗದ ವಿಷಯದಲ್ಲಿ ನ್ಯಾಯ ಇರಲಿ. ಒಂದೂವರೆ ಇಂಚು ನೀರು ಕೊಡೋ ಬೋರಿಗೆ ಎಲ್ಲ ಗೇಟ್‌ವಾಲ್ವನ್ನೂ ಒಟ್ಟಿಗೆ ತಿರುಗಿಸಿದರೆ ಯಾವ ಸಾಲಿನ ಬುಡವೂ ನೆನೆಯಲ್ಲ. ಹಾಗೆಯೇ ನೀನು ದೊಡ್ಡ ಸಿನಿಮಾ ಡೌನ್‌ಲೋಡಿಗೆ ಹಾಕಿ, ವಿಂಡೋಸ್ ಅಪ್‌ಡೇಟೂ ಶುರುವಾದರೆ, ತಂಗಿಯ ಪಾಠ ತಿರುಗ್ತಾ ನಿಲ್ಲುತ್ತೆ. ಭಾರದ ಕೆಲಸ ರಾತ್ರಿಗಿಡು. ಪ್ಲಾನಿನಲ್ಲಿ ತಿಂಗಳಿಗೆ ಇಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತೆ ಅಂತ ಬರೆದಿದೆಯಾ, ಅದನ್ನೂ ಓದಿಕೋ. ಫೋನುಗಳು ವೈಫೈ ಸಿಕ್ಕ ಕೂಡಲೇ ಫೋಟೋ ಬ್ಯಾಕಪ್ಪು, ಆ್ಯಪ್ ಅಪ್‌ಡೇಟು ಅಂತ ಹೇಳದೆ ಕೇಳದೆ ಎಳಕೊಳ್ತಾವೆ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ನಮ್ಮ ಯಗಟಿಯವರೇ ಆದ ವೈ.ಎಸ್.ವಿ. ದತ್ತ ಮೇಷ್ಟ್ರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಫೇಸ್‌ಬುಕ್ ಲೈವಿನಲ್ಲಿ ಪಾಠ ಹೇಳಿದರು. ಮಾಜಿ ಶಾಸಕರು ಮತ್ತೆ ಬೋರ್ಡಿನ ಮುಂದೆ ನಿಂತದ್ದನ್ನು ನಾಡೇ ನೋಡಿತು. ಹೇಳೋರು ಸಿದ್ಧ, ಕೇಳೋ ಮಕ್ಕಳೂ ಸಿದ್ಧ, ಆದರೆ ಎಷ್ಟೋ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಒಂದೇ ಸಿಮ್ಮು. ಈಗ ನಿಮ್ಮ ಮನೆಗೆ ಗಟ್ಟಿ ಲೈನು ಬಂದಿದೆ. ಅದು ನಿನ್ನೊಬ್ಬನ ಮೇಜಿಗೆ ಬಂದು ನಿಲ್ಲಬಾರದು ಅಂತಲೇ ಇಷ್ಟೆಲ್ಲ ಹೇಳ್ತಿರೋದು.

ಈಗ ಆ 'ತನ್ನ ಹೆಸರಿನಲ್ಲಿ' ಅನ್ನೋ ಮಾತಿಗೆ ಬರ್ತೀನಿ. ಪಾಸ್‌ವರ್ಡಿಗೆ ಎಂಟು ಅಕ್ಷರವಾದರೂ ಬೇಕು ಅಂತ ಕೇಳುತ್ತೆ. ಒಂದರಿಂದ ಎಂಟರವರೆಗೆ ಎಣಿಸಿ ಮುಗಿಸಬೇಡ, ನಿನ್ನ ಫೋನ್ ನಂಬರೂ ಬೇಡ. ಯಾಕೆ ಅಂತೀಯಾ? 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬು ಸಿಡಿದವು. ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಟಿವಿ ವಾಹಿನಿಗಳಿಗೆ ಬೆದರಿಕೆಯ ಇಮೇಲ್ ಹೋಗಿತ್ತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಒಂದು ಮನೆಯ ಮುಂದೆ. ಆ ಮನೆಯವನ ವೈಫೈ ಬಳಸಿ ಬೇರೆಯವರು ಅದನ್ನು ಕಳಿಸಿದ್ದರು. ಕಂಪ್ಯೂಟರು ವಶಕ್ಕೆ ಹೋಯ್ತು, ವಿಚಾರಣೆ ನಡೆಯಿತು, ಮಾಡದ ತಪ್ಪಿಗೆ ಅವನು ಉತ್ತರ ಹೇಳಬೇಕಾಯ್ತು. ಮುಂದಿನ ವರ್ಷ ದೂರಸಂಪರ್ಕ ಇಲಾಖೆಯೇ ವೈಫೈ ಭದ್ರ ಮಾಡಿಕೊಳ್ಳಬೇಕು ಅಂತ ಸೂಚನೆ ಹೊರಡಿಸಿತು. ನಿನ್ನ ಹಾಟ್‌ಸ್ಪಾಟಿನಿಂದ ಯಾರು ಏನೇ ಮಾಡಲಿ, ಮೊದಲು ಕರೆ ಬರೋದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಿಮ್ಮ ಮನೇಲಿ ಅದು ನಿಮ್ಮಪ್ಪನ ಹೆಸರಿನಲ್ಲಿದೆ.

ಎದುರುಮನೆ ಹುಡುಗ ಜಗಲಿ ಮೇಲೆ ಕೂತು "ಅಣ್ಣಾ, ಪಾಸ್‌ವರ್ಡ್ ಹೇಳಣ್ಣ, ಕಾಲೇಜಿನ ಯುಯುಸಿಎಂಎಸ್ ಪೋರ್ಟಲಿನಲ್ಲಿ ಪರೀಕ್ಷೆ ಅರ್ಜಿ ಹಾಕಬೇಕು" ಅಂದರೆ ಇಲ್ಲ ಅನ್ನಬೇಡ. ಊರು ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ? ಆದರೆ ಪಾಸ್‌ವರ್ಡು ಬಾಯಲ್ಲಿ ಹೇಳಬೇಡ, ಅವನ ಫೋನು ಇಸಕೊಂಡು ನೀನೇ ಒತ್ತಿಕೊಡು. ಹಾಗೆ ಕೊಟ್ಟರೂ ಆ ಫೋನಿನಿಂದ ಕ್ಯೂಆರ್ ಕೋಡ್ ತೆಗೆದು ಇನ್ನೊಬ್ಬನಿಗೆ ದಾಟಿಸಬಹುದು. ಅದಕ್ಕೇ ಕೆಲಸ ಮುಗಿದ ಮೇಲೆ ಪಾಸ್‌ವರ್ಡು ಬದಲಾಯಿಸು. ಹಾಟ್‌ಸ್ಪಾಟ್ ಪುಟದ ಕೆಳಗೆ ಯಾವ ಯಾವ ಫೋನು ಸೇರಿಕೊಂಡಿದೆ ಅಂತ ಹೆಸರು ಸಮೇತ ತೋರಿಸುತ್ತೆ. ದಿನಕ್ಕೊಂದು ಸಲ ಕಣ್ಣಾಡಿಸು, ಗೊತ್ತಿಲ್ಲದ ಹೆಸರು ಕಂಡರೆ ಸಂಕೋಚವಿಲ್ಲದೆ ಪಾಸ್‌ವರ್ಡು ಬದಲಾಯಿಸು. ಹೊರಗಿನವರು ಸೇರುವಾಗ ನಿನ್ನ ಫೈಲ್ ಶೇರಿಂಗ್ ಆಫ್ ಇರಲಿ, ಅವರ ಫೋನೂ ನಿನ್ನ ಲ್ಯಾಪ್‌ಟಾಪೂ ಈಗ ಒಂದೇ ನೆಟ್‌ವರ್ಕಿನಲ್ಲಿ ಇರ್ತಾವೆ. ಮನೆಯ ನೆಟ್ಟೆಲ್ಲ ದಾಟೋ ಮಿಷನ್ನಿಗೆ ಅಪ್‌ಡೇಟು ತಪ್ಪಬಾರದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿನ್ನದು ಅದೇ ಆಗಿದ್ದು 11ಕ್ಕೆ ಏರೋ ತಾಕತ್ತು ಇದ್ದರೆ ಏರಿಸಿಬಿಡು.

"ಬೀದಿಗೆಲ್ಲ ಕೊಟ್ಟು ತಿಂಗಳಿಗೆ ನೂರು ನೂರು ರೂಪಾಯಿ ಇಸಕೊಂಡರೆ?" ಅನ್ನೋ ಯೋಚನೆ ನಿನ್ನ ತಲೆಗೆ ಬಂದೇ ಬರುತ್ತೆ. ಮನೆ ಕನೆಕ್ಷನ್ನಿನಲ್ಲಿ ಅದನ್ನು ಮಾಡಬೇಡ. ಮಾಡೋ ಮನಸ್ಸಿದ್ದರೆ ಸರಿಯಾದ ದಾರಿ ಇದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಪಿಎಂ-ವಾಣಿ' ಯೋಜನೆಯಲ್ಲಿ ಚಿಲ್ಲರೆ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ಸಾರ್ವಜನಿಕ ವೈಫೈ ನಡೆಸಬಹುದು. ಬಳಸೋರು ಯಾರು ಅಂತ ಗುರುತಿಸೋ ಏರ್ಪಾಡು ಅದರಲ್ಲೇ ಇದೆ. ಹಿಂದೆ ಎಸ್‌ಟಿಡಿ ಬೂತು ಇತ್ತಲ್ಲ, ಅದೇ ಜಾಡಿನದು.

ಕೊನೇ ಮಾತು. ಲ್ಯಾಪ್‌ಟಾಪಿನಿಂದ ಹಂಚೋದು ಸಮಯಕ್ಕಾಗೋ ಉಪಾಯ. ಪರೀಕ್ಷೆ ಅರ್ಜಿಗೆ, ಅಪ್ಪನ ಪಹಣಿ ತೆಗೆಯೋಕೆ, ಹಬ್ಬಕ್ಕೆ ಬಂದ ನೆಂಟರಿಗೆ, ರೂಟರ್ ಕೆಟ್ಟು ಕೂತ ವಾರಕ್ಕೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ವರ್ಷಗಟ್ಟಲೆ ಹಗಲೂ ರಾತ್ರಿ ಲ್ಯಾಪ್‌ಟಾಪನ್ನು ಎಚ್ಚರ ಇಟ್ಟು ದುಡಿಸಿದರೆ ಅದರ ಬ್ಯಾಟರಿಯೂ ಸವೆಯುತ್ತೆ, ಮನೆಯವರೆಲ್ಲ ನೀನು ಎಲ್ಲಿಗೂ ಹೋಗಬಾರದು ಅಂತ ಕಾಯೋ ಹಾಗೂ ಆಗುತ್ತೆ. ಈ ಸಲ ಕೊಬ್ಬರಿ ದುಡ್ಡು ಕೈಗೆ ಬಂದಾಗ ಅಪ್ಪನ ಹತ್ತಿರ ಒಂದು ರೂಟರಿಗೆ ಕೇಳು. ಅದಕ್ಕೆ ಮುಚ್ಚಳವೂ ಇಲ್ಲ, ನಿದ್ದೆಯೂ ಇಲ್ಲ.

ಅಲ್ಲಿವರೆಗೆ ಇವತ್ತು ಸಂಜೆಯೇ ಹಾಟ್‌ಸ್ಪಾಟ್ ಹಾಕು. ಹಾಕುವಾಗ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಲ್ಲೇ ಮಾಡಿಸು. ನಾಳೆ ನೀನು ಕಡೂರಿಗೆ ಬಸ್ ಹತ್ತಿದ ಮೇಲೆ ನೆಟ್ ನಿಂತರೆ, ಅದನ್ನು ಸರಿಮಾಡೋಕೆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು.