ಐಚ್ಛಿಕ ಸರ್ವನಾಮದ ಭಾರ

ಕ್ರಿಯಾಪದದ ಪ್ರತ್ಯಯದಲ್ಲಿಯೇ ಪುರುಷ ವಚನಗಳು ಅಡಗಿರುವ ಕಾರಣ 'ಬಂದೆ' ಎಂದಷ್ಟೇ ನುಡಿದು ಕರ್ತೃವನ್ನು ಅಧ್ಯಾಹಾರಕ್ಕೆ ಬಿಡಬಲ್ಲ ಕನ್ನಡಿಗರಾದ ನಾವು, ಇಂಗ್ಲಿಷಿನಲ್ಲಿ ಸರ್ವನಾಮವು ಸಾಮಾನ್ಯವಾಗಿ ಅನಿವಾರ್ಯವೆಂಬುದನ್ನು ಶಾಲೆಯಲ್ಲಿಯೇ ಕಲಿಯುತ್ತೇವಾದರೂ, ಅದು ಐಚ್ಛಿಕವಾಗಿರುವೆಡೆಗಳಲ್ಲಿ ಎಷ್ಟು ಭಾರವನ್ನು ಹೊರುತ್ತದೆಂಬುದನ್ನು ಗಮನಿಸುವುದು ವಿರಳ. 'ಬಿ ಕ್ವಾಯಟ್' ಎಂಬುದು ಬರಿಯ ಆಜ್ಞೆ. 'ಯೂ ಬಿ ಕ್ವಾಯಟ್' ಎಂದೊಡನೆ ಮಾತು ಒಬ್ಬನತ್ತಲೇ ತಿರುಗಿ ಗದರಿಕೆಯಾಗುತ್ತದೆ. ಆದರೆ ದಣಿದು ಬಂದವರಿಗೆ 'ಯೂ ಸಿಟ್ ಡೌನ್, ಐ ವಿಲ್ ಮೇಕ್ ದ ಟೀ' ಎಂದಾಗ ಅದೇ 'ಯೂ' ಅಕ್ಕರೆಯನ್ನು ಸೂಸುವುದೂ ಉಂಟು.

ಇದಕ್ಕಿಂತಲೂ ಸೂಕ್ಷ್ಮವಾದುದು 'ಹಿಮ್‌ಸೆಲ್ಫ್'. 'ದ ಮಿನಿಸ್ಟರ್ ಹಿಮ್‌ಸೆಲ್ಫ್ ರೋಟ್ ದ ಲೆಟರ್' ಎಂಬಲ್ಲಿ ಸಾಕ್ಷಾತ್ ಮಂತ್ರಿಗಳೇ ಬರೆದರೆಂಬ ವಿಸ್ಮಯವಿದೆ; ಆ ಪದವನ್ನೇ ವಾಕ್ಯಾಂತ್ಯಕ್ಕೆ ಒಯ್ದರೆ, ಕಾರ್ಯದರ್ಶಿಯ ನೆರವಿಲ್ಲದೆ ಸ್ವತಃ ಬರೆದರೆಂಬ ಅರ್ಥವು ಮುಂದಾಗುತ್ತದೆ; ತೆಗೆದುಬಿಟ್ಟರೆ ವ್ಯಾಕರಣವು ಕೆಡದು, ಒತ್ತು ಮಾತ್ರ ಅಳಿಯುತ್ತದೆ. ಆದರೆ ಐಚ್ಛಿಕವಾದ ಸರ್ವನಾಮವೆಲ್ಲವೂ ಹೀಗೆ ಭಾರವನ್ನು ಹೊರುವುದಿಲ್ಲ: 'ದ ಬುಕ್ ದಟ್ ಐ ಬಾಟ್' ಎಂಬಲ್ಲಿ 'ದಟ್' ಇದ್ದರೂ ಇಲ್ಲದಿದ್ದರೂ ಅರ್ಥಭೇದವಿಲ್ಲ.

ಆದುದರಿಂದ, ಪ್ರಿಯ ವಾಚಕರೇ, ಒತ್ತಿ ಹೇಳಬೇಕಾದುದು ಏನೂ ಇಲ್ಲದಿರುವಾಗ ಒತ್ತನ್ನು ತರುವ 'ಯೂ', 'ಹಿಮ್‌ಸೆಲ್ಫ್'ನಂತಹ ಪದಗಳನ್ನು ಬಳಸದಿರಿ. ವಿಶೇಷವಾಗಿ ನಿಮ್ಮ ಪರಿಚಯ ಹೇಳಿಕೊಳ್ಳುವಾಗ 'ಮೈಸೆಲ್ಫ್' ಎಂದು ಆರಂಭಿಸದೆ, 'ಐ ಆ್ಯಮ್' ಎಂದೇ ಹೇಳಿರಿ.